ನೀಲಿಯ ಹಲ್ಲಿಗೆ ನರ ಬಂದದ್ದು

ನಮ್ಮ ಊರಿನಲ್ಲಿ ಊಟವಾದ ಮೇಲೆ ಒಬ್ಬರ ಬಾಯನ್ನು ಇನ್ನೊಬ್ಬರು ನೋಡಬೇಕು. ಗಂಡನದನ್ನು ಹೆಂಡತಿ, ಹೆಂಡತಿಯದನ್ನು ಗಂಡ, ಮಕ್ಕಳದನ್ನು ಹೆತ್ತವರು. ಒಂಟಿಯಾಗಿರುವವರು ಪಕ್ಕದ ಮನೆಯ ಕಟ್ಟೆಗೆ ಹೋಗಿ ಬಾಯಿ ತೆರೆದು ಕೂರುತ್ತಾರೆ. ಜಗಳವಾಡಿ ಮಾತು ಬಿಟ್ಟವರು ಕೂಡ ಅಷ್ಟು ಹೊತ್ತು ಎದುರುಬದುರು ಕೂತು, ನೋಡಿ, ಮತ್ತೆ ಮುಖ ತಿರುಗಿಸಿಕೊಂಡು ಎದ್ದು ಹೋಗುತ್ತಾರೆ. ನೋವೆಂದರೇನೆಂದು ನಮಗೆ ತಿಳಿಯದು ಎಂದಲ್ಲ. ಕಾಲಿಗೆ ಮುಳ್ಳು ಹೊಕ್ಕರೆ ನಾವೂ ಕುಂಟುತ್ತೇವೆ, ಹೆರಿಗೆಯಲ್ಲಿ ನಮ್ಮ ಹೆಂಗಸರೂ ಕೂಗುತ್ತಾರೆ. ಬಾಯಿಯೊಳಗೆ ಮಾತ್ರ ನಮಗೆ ಏನೂ ಆಗುವುದಿಲ್ಲ. ರುಚಿ ಗೊತ್ತಾಗುತ್ತದೆ, ಬಿಸಿ ಗೊತ್ತಾಗುವುದಿಲ್ಲ. ನಾಲಗೆ ಕಚ್ಚಿಕೊಂಡರೆ ರಕ್ತದ ಉಪ್ಪಿನಿಂದ ತಿಳಿಯಬೇಕು. ಹಲ್ಲು ಹುಳುಕಾದರೆ ಇನ್ನೊಬ್ಬರ ಕಣ್ಣಿಗೆ ಬಿದ್ದರೇ ಉಂಟು.

ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಖಾನಾವಳಿ. ರೊಟ್ಟಿ, ಝುಣಕ, ಎಣ್ಣೆಗಾಯಿ, ಮೊಸರು. ನಮ್ಮವರಿಗೆ ಖಾರವೆಂದರೆ ಬಣ್ಣ ಮತ್ತು ವಾಸನೆ, ಅಷ್ಟೆ. ಹಾಗಾಗಿ ಎಣ್ಣೆಗಾಯಿಗೆ ನಾನು ಹಾಕುವ ಮೆಣಸಿನಪುಡಿಗೆ ಹೊರಗಿನ ಊರಿನ ಡ್ರೈವರುಗಳು ಮೊದಲ ತುತ್ತಿಗೇ ತಟ್ಟೆ ಸರಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕೈ ತೊಳೆಯುವ ಜಾಗದ ಪಕ್ಕ, ಬೆಳಕು ಬೀಳುವಲ್ಲಿ, ಒಂದು ಬೆಂಚು ಹಾಕಿಸಿದ್ದೇನೆ. ಉಂಡವರು ಅಲ್ಲಿ ಕೂತು ಒಬ್ಬರದೊಬ್ಬರು ನೋಡಿಕೊಳ್ಳುತ್ತಾರೆ. ಒಬ್ಬರೇ ಬಂದವರ ಬಾಯಿ ನಾನು ನೋಡುತ್ತೇನೆ. ದಿನಕ್ಕೆ ನಲವತ್ತು ಐವತ್ತು ಬಾಯಿ ನನ್ನ ಕಣ್ಣೆದುರು ತೆರೆದುಕೊಳ್ಳುತ್ತಿದ್ದವು. ಎಷ್ಟೋ ಜನರ ಹುಳುಕನ್ನು ಹುಟ್ಟುವಾಗಲೇ ಹಿಡಿದಿದ್ದೇನೆ. ಸಿದ್ದಣ್ಣನ ಕಣ್ಣು ಎಂದರೆ ಊರಿನಲ್ಲಿ ಒಂದು ಮಾತಿತ್ತು.

ನನ್ನ ಹಿರಿಯ ಮಗಳು ಸಾವಂತ್ರಿಗೆ ಆಗ ಆರು ವರ್ಷ. ಆಕೆಯ ಬಾಯಿ ನೋಡುವುದು ನನ್ನ ಪಾಲಿಗೆ ಬಂದಿತ್ತು. ಒಂದು ವಾರ ಊರಿನಲ್ಲಿ ರಸ್ತೆ ಕೆಲಸದವರು ಬೀಡು ಬಿಟ್ಟಿದ್ದರು, ಖಾನಾವಳಿಯಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಮನೆಗೆ ಹೋದಾಗ ನನ್ನ ಹೆಂಡತಿ ಶಂಕ್ರವ್ವ ಕೇಳುತ್ತಿದ್ದಳು, ನಾನು ನೋಡಿದ್ದೇನೆ ಎನ್ನುತ್ತಿದ್ದೆ. ಎರಡು ದಿನ ನಿಜವಾಗಿಯೂ ನೋಡಿದೆ. ಉಳಿದ ಐದು ದಿನ ನೋಡಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಮಗುವಿನ ಕೆನ್ನೆ ಊದಿಕೊಂಡು ಕಣ್ಣು ಮುಚ್ಚಿಹೋಗಿತ್ತು. ಕೆಳದವಡೆಯ ಹಲ್ಲೊಂದರ ಬುಡದಲ್ಲಿ ಕೀವು ತುಂಬಿ, ಅದು ಕುತ್ತಿಗೆಗಿಳಿದಿತ್ತು. ಮೈ ಕಾದ ಹಂಚಿನಂತಿತ್ತು. ಆದರೂ ಅವಳು ಅಳಲಿಲ್ಲ, ಆಟದ ಸಾಮಾನು ಕೇಳುತ್ತಿದ್ದಳು. ಮೂರು ದಿನದಲ್ಲಿ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ಮೇಲೆ ಶಂಕ್ರವ್ವ ನನ್ನನ್ನು ಕರೆದು, ಐದು ದಿನ ಅಲ್ಲವೇ ಎಂದು ಕೇಳಿದಳು. ಹೌದು ಎಂದೆ. ಆಮೇಲೆ ಆ ಮಾತನ್ನು ಅವಳು ಯಾವತ್ತೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಎರಡು ವರ್ಷದ ನಂತರ ನೀಲವ್ವ, ನಮ್ಮ ನೀಲಿ, ಹುಟ್ಟಿದಳು. ಅವಳಿಗೆ ಇಪ್ಪತ್ತು ದಿನವಾಗಿದ್ದಾಗ ಜಿಲ್ಲೆಯ ದೊಡ್ಡ ಆಸ್ಪತ್ರೆಯಿಂದ ವತ್ಸಲಾ ಎಂಬ ಡಾಕ್ಟರ್ ನಮ್ಮ ಊರಿಗೆ ಬಂದರು. ಹೆಣ್ಣು ಡಾಕ್ಟರೆಂದರೆ ನಮ್ಮ ಕಡೆ ಡಾಕ್ಟರ್ ಬಾಯಿ. ತೆಳ್ಳನೆಯ ಹೆಂಗಸು, ನಡೆಯುವಾಗಲೂ ಏನೋ ಲೆಕ್ಕ ಹಾಕುತ್ತಿರುವಂತೆ ಕಾಣುತ್ತಿದ್ದರು. ನನ್ನ ಎಣ್ಣೆಗಾಯಿ ತಿಂದು ಅತ್ತು, ಮೊಸರು ಕುಡಿದು ಸುಧಾರಿಸಿಕೊಂಡು, ಊರಿನಲ್ಲಿ ಎಳೆಯ ಮಕ್ಕಳಿರುವ ಮನೆ ಯಾವ್ಯಾವು ಎಂದು ಕೇಳಿದರು. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅವರು ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ. ಹಲ್ಲು ದವಡೆಯೊಳಗೆ ಮೊದಲು ಮೊಗ್ಗಾಗಿ ಕೂತಿರುತ್ತದಂತೆ. ಗಟ್ಟಿ ಭಾಗ ಕಟ್ಟಲು ಶುರುವಾಗುವ ತನಕ ಆ ಮೊಗ್ಗು ನರವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕಾಲ ಬಂದಾಗ ಅದೇ ಒಂದು ಪ್ರೋಟೀನನ್ನು ಸ್ರವಿಸುತ್ತದೆ. ನರಗಳು ಆ ಪ್ರೋಟೀನನ್ನು ಅರಸಿಕೊಂಡು ಬೆಳೆಯುತ್ತಾ ಬಂದು ಹಲ್ಲಿನೊಳಗೆ ಹೊಗುತ್ತವೆ. ನಮ್ಮ ಊರಿನ ಮಕ್ಕಳ ಹಲ್ಲು ಅದನ್ನು ಸ್ರವಿಸುವುದಿಲ್ಲ, ಹಾಗಾಗಿ ನರ ದಾರಿಯಲ್ಲೇ ನಿಂತುಬಿಡುತ್ತದೆ. ಅದನ್ನೇ ಹೊರಗಿನಿಂದ ವಸಡಿಗೆ ಸೂಜಿಯಲ್ಲಿ ಕೊಟ್ಟು ನೋಡೋಣ ಎಂಬುದು ಅವರ ಆಲೋಚನೆ.

ಅದು ಎಲ್ಲಿಂದ ಬರುತ್ತದೆ ಎಂದು ಶಂಕ್ರವ್ವ ಕೇಳಿದಳು. ಗಂಡು ಇಲಿಯ ಜೊಲ್ಲಿನ ಗ್ರಂಥಿಯಿಂದ ಎಂದು ಡಾಕ್ಟರ್ ಬಾಯಿ ಮುಚ್ಚುಮರೆಯಿಲ್ಲದೆ ಹೇಳಿದರು. ಶಂಕ್ರವ್ವ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಇಲಿಯ ಜೊಲ್ಲಿಗಿಂತ ಅವಳನ್ನು ಕಾಡಿದ್ದು ಬೇರೆ ಸಂಗತಿ.

"ಊರಾಗ ಯಾರಿಗೂ ಇಲ್ಲದ್ದು ಈಕಿ ಒಬ್ಬಾಕಿಗೆ ಯಾಕ್ರಿ?" ಎಂದಳು. "ನಾ ನೋಡ್ತೀನಿ. ದಿನಾ ನಾನ ನೋಡ್ತೀನಿ."

"ನೋಡೂದರ ಮ್ಯಾಲ ನನಗ ನಂಬಿಕಿ ಉಳದಿಲ್ಲ," ಎಂದೆ. "ಹಲ್ಲು ತಾನ ಹೇಳೂವಂಗ ಆಗಲಿ."

ಅವಳು ಮತ್ತೆ ವಾದಿಸಲಿಲ್ಲ. ಐದು ದಿನದ ಮಾತು ಬಾಯಿಗೆ ಬರಬಾರದೆಂದೇ ಅವಳು ಸುಮ್ಮನಾದಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಆ ಮೌನವನ್ನು ನಾನು ಒಪ್ಪಿಗೆ ಎಂದು ತೆಗೆದುಕೊಂಡೆ.

ಹನ್ನೊಂದು ಮಕ್ಕಳಿಗೆ ಹನ್ನೆರಡು ವಾರ ಸೂಜಿ ಹಾಕಿದರು. ನೀಲಿಗೆ ಏಳು ತಿಂಗಳಾದಾಗ ಒಂದು ಬೆಳಿಗ್ಗೆ ಅಳಲು ಶುರುಮಾಡಿದಳು. ಕಿವಿ ನೋಡಿದೆವು, ಹೊಟ್ಟೆಗೆ ಅಜವಾನದ ನೀರು ಕುಡಿಸಿದೆವು, ದೃಷ್ಟಿ ತೆಗೆದೆವು. ಮೂರನೆಯ ದಿನ ಡಾಕ್ಟರ್ ಬಾಯಿ ಬಂದು ಕೆಳವಸಡಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಕಂಡ ತುದಿಗೆ ತಣ್ಣನೆಯ ಚಮಚ ಮುಟ್ಟಿಸಿದರು. ಮಗು ಚಿಟ್ಟನೆ ಚೀರಿ ತಲೆ ಹಿಂದಕ್ಕೆಳೆದುಕೊಂಡಿತು. ಡಾಕ್ಟರ್ ಬಾಯಿಯ ಕಣ್ಣಲ್ಲಿ ನೀರು ಬಂತು. ನರ ಬಂದಿದೆ ಎಂದರು. ನಾನು ಖಾನಾವಳಿಯಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದೆ. ಓಣಿಯವರೆಲ್ಲ ನೋಡಲು ಬಂದರು. ಬಂದವರು ಒಬ್ಬೊಬ್ಬರಾಗಿ ಚಮಚ ಮುಟ್ಟಿಸಿ ನೋಡಿದರು. ಮಗು ಪ್ರತಿ ಸಲವೂ ಚೀರಿತು, ಅವರು ಪ್ರತಿ ಸಲವೂ ಬೆರಗಾದರು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಸಂಜೆಯ ಹೊತ್ತಿಗೆ ಶಂಕ್ರವ್ವ ಚಮಚ ಕಿತ್ತುಕೊಂಡು ಬಾಗಿಲು ಹಾಕಿಕೊಂಡಳು.

ಉಳಿದ ಹತ್ತು ಮಕ್ಕಳಿಗೆ ಏನೂ ಆಗಲಿಲ್ಲ, ಅವರು ನಮ್ಮೆಲ್ಲರಂತೆಯೇ ಬೆಳೆದರು. ನೀಲಿಗೆ ಎರಡು ತುಂಬುವಾಗ ಡಾಕ್ಟರ್ ಬಾಯಿ ಕೊನೆಯ ಸಲ ಬಂದರು. ಈ ಕೆಲಸ ನಿಲ್ಲಿಸಲು ಮೇಲಿನವರು ಹೇಳಿದ್ದರಂತೆ. ಅವರು ಬಹಳ ಹೊತ್ತು ಮಗುವಿನ ಮುಂದೆ ಕೂತಿದ್ದು, ಎದ್ದು ಹೊರಡುವಾಗ ನನಗೆ ನಿಜ ಹೇಳಿದರು. ಹತ್ತು ಮಕ್ಕಳ ಹಲ್ಲಿಗೆ ನರವೇ ಬರಲಿಲ್ಲ. ನೀಲಿಯ ಹಲ್ಲಿಗೆ ಬರಬೇಕಾದ್ದಕ್ಕಿಂತ ಬಹಳ ಹೆಚ್ಚು ನರಗಳು ಬಂದಿವೆ, ಒಂದರ ಮೇಲೊಂದು ಹೆಣೆದುಕೊಂಡಿವೆ. ಯಾಕೆಂದು ಅವರಿಗೆ ತಿಳಿಯದು. ವಾಪಸ್ಸು ಕಳಿಸುವ ಮದ್ದೂ ಇಲ್ಲ. ತಮ್ಮ ವಿಳಾಸ ಬರೆದುಕೊಟ್ಟು, ಏನಾದರೂ ಆದರೆ ಕರೆದುಕೊಂಡು ಬನ್ನಿ ಎಂದರು. ನಾನು ಅದನ್ನು ಟ್ರಂಕಿನಲ್ಲಿಟ್ಟೆ. ಏನಾದರೂ ಆದರೆ ಎಂದರೆ ಏನಾಗಬೇಕು ಎಂದು ಕೇಳಲು ನನಗೆ ಹೊಳೆಯಲಿಲ್ಲ.

ನೀಲಿ ಬಾಯಿ ಮುಚ್ಚಿಕೊಂಡೇ ಬೆಳೆದಳು. ಬಾಯಿ ತೆರೆದರೆ ಗಾಳಿ ಹೊಗುತ್ತಿತ್ತು, ಗಾಳಿ ತಗುಲಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ನೀರನ್ನು ಉಗುರುಬೆಚ್ಚಗೆ ಮಾಡಿ, ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಕುಡಿಯುತ್ತಿದ್ದಳು. ಅವಳಿಗೆ ಬೇರೆ ಗಡಿಗೆಯಲ್ಲಿ ಸಪ್ಪೆ ಅಡುಗೆ ಮಾಡುತ್ತಿದ್ದೆವು. ಆದರೆ ಖಾನಾವಳಿ ಮಾಡುವ ನನ್ನ ಕೈಯಲ್ಲೇ ಖಾರ, ಸೌಟಿನಲ್ಲಿ ಖಾರ, ಅರಿವೆಯಲ್ಲಿ ಖಾರ. ಎಲ್ಲಿಂದಲೋ ಒಂದು ಚಿಟಿಕೆ ಹೋಗಿಬಿಡುತ್ತಿತ್ತು, ಆಗ ಅವಳು ತಟ್ಟೆ ಬಿಟ್ಟು ಓಡುತ್ತಿದ್ದಳು. ಹಲ್ಲು ನೋಯುತ್ತದೆ ಎಂದು ಶಾಲೆಯಲ್ಲಿ ಹೇಳಿದರೆ, ಹಲ್ಲು ಹೇಗೆ ನೋಯುತ್ತದೆ ಎಂದು ಮಾಸ್ತರರು ಕೇಳುತ್ತಿದ್ದರು. ಅವರು ತಿಳಿಯಬೇಕೆಂದೇ ಕೇಳುತ್ತಿದ್ದರು, ಅವಳಿಗೆ ಹೇಳಲು ಬರುತ್ತಿರಲಿಲ್ಲ. ಮಕ್ಕಳು ಅವಳ ಹತ್ತಿರ ಕೂರುವುದನ್ನು ಬಿಟ್ಟರು. ರಾತ್ರಿ ಊಟವಾದ ಮೇಲೆ ಶಂಕ್ರವ್ವ ಅವಳ ಬಾಯಿ ನೋಡಲು ಕೂತರೆ ಅವಳು ತುಟಿ ಬಿಚ್ಚುತ್ತಿರಲಿಲ್ಲ. ಹೀಗಾಗಿ ಇಡೀ ಊರಿನಲ್ಲಿ ಯಾರೂ ನೋಡದ ಬಾಯಿ ಒಂದೇ ಒಂದು ಉಳಿಯಿತು, ಅದು ನನ್ನ ಮಗಳದು.

ಆರು ತುಂಬಿ ಮುಂದಿನ ಹಾಲುಹಲ್ಲು ಅಲುಗಾಡತೊಡಗಿದಾಗ ನಮಗೆ ಜೀವ ಬಂದಂತಾಯಿತು. ಈ ಹಲ್ಲಿನ ಜೊತೆ ಆ ನರವೂ ಹೋಗುತ್ತದೆ, ಹೊಸದು ನಮ್ಮೆಲ್ಲರ ಹಲ್ಲಿನಂತೆ ಬರುತ್ತದೆ ಎಂದುಕೊಂಡೆವು. ಶಂಕ್ರವ್ವ ಉದುರಿದ ಹಲ್ಲನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆದು ಬಂದು, ಎಷ್ಟೋ ವರ್ಷದ ಮೇಲೆ ನನ್ನ ಎದುರು ನಕ್ಕಳು. ಹೊಸ ಹಲ್ಲು ಮೂಡಿತು. ನೀಲಿ ಅದಕ್ಕೆ ನಾಲಗೆ ತಾಗಿಸಿ, ಮೂಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಹೊಸದಕ್ಕೂ ನರ ಬಂದಿತ್ತು. ಸೂಜಿ ಹಾಕುವಾಗಲೇ ಹಾಲುಹಲ್ಲಿನ ಕೆಳಗೆ ಆ ಹಲ್ಲುಗಳ ಮೊಗ್ಗುಗಳೂ ಇದ್ದವೆಂದು ಆಗ ನನಗೆ ಗೊತ್ತಿರಲಿಲ್ಲ.

ಎಂಟನೆಯ ವರ್ಷ ಹಿಂದಿನ ದವಡೆ ಹಲ್ಲಿಗೆ ಹುಳುಕು ಹತ್ತಿತು. ಹಲ್ಲು ತಾನೇ ಹೇಳಲಿ ಎಂದು ನಾನು ಬಯಸಿದ್ದೆನಲ್ಲ, ಹೇಳಿತು. ನಾಲ್ಕು ದಿನ ಅವಳು ಮಲಗಲಿಲ್ಲ. ನಡುಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಕೆನ್ನೆಯನ್ನು ಕಂಬಕ್ಕೆ ಒತ್ತಿ ನಿಂತಳು. ಐದನೆಯ ದಿನ ಅವಳೇ ನನ್ನ ಹತ್ತಿರ ಬಂದು ಅದನ್ನು ತೆಗೆಸಿಬಿಡು ಎಂದು ಕೇಳಿದಳು. ನನಗೆ ಸಮಾಧಾನವಾಯಿತು. ಕಾಲಿನ ಮುಳ್ಳಿಗೂ ಇದಕ್ಕೂ ಏನು ಬೇರೆ, ಕಿತ್ತರೆ ಮುಗಿಯಿತು ಎಂದುಕೊಂಡೆ.

ನಮ್ಮ ಊರಿನಲ್ಲಿ ಹಲ್ಲು ಕೀಳುವವನು ಬಡಿಗೇರ ಮೌನಪ್ಪ. ಎಪ್ಪತ್ತರ ಮುದುಕ, ಕೈ ಬಹಳ ಮೆದು. ಅವನ ಮನೆಯ ಪಡಸಾಲೆಯಲ್ಲಿ ಜನ ಮಾತಾಡುತ್ತಾ ಬಾಯಿ ತೆರೆಯುತ್ತಾರೆ, ಕಿತ್ತಾದ ಮೇಲೆ ಉಗುಳಿ, ಬಿಟ್ಟ ಮಾತನ್ನು ಮುಂದುವರಿಸುತ್ತಾರೆ. ನೀಲಿಯನ್ನು ಮೊಳಕಾಲ ಮೇಲೆ ಕೂರಿಸಿಕೊಂಡು ಅವಳ ಎರಡೂ ಕೈಗಳನ್ನು ನಾನೇ ಹಿಡಿದೆ.

"ಹೆದರಬ್ಯಾಡ ತಂಗಿ," ಎಂದ ಮೌನಪ್ಪ. "ಎರಡು ಎಣಸೂದರಾಗ ಆಗಿಹೋಗ್ತೈತಿ."

"ಏನೂ ಆಗೂದಿಲ್ಲ," ಎಂದೆ ನಾನು.

ಇಕ್ಕಳ ಹಲ್ಲನ್ನು ಹಿಡಿದಾಗ ಅವಳ ಮೈ ನನ್ನ ತೋಳಿನಲ್ಲಿ ಮರದ ದಿಮ್ಮಿಯಂತೆ ಬಿಗಿಯಿತು. ಮೌನಪ್ಪ ಎಳೆದ. ಎಳೆಯ ಹಲ್ಲು, ಬೇರು ಗಟ್ಟಿಯಾಗಿತ್ತು, ಬರಲಿಲ್ಲ. ಅವಳಿಂದ ಹೊರಟ ಸದ್ದು ಎಂಥದೆಂದು ನಾನು ಬರೆಯಲಾರೆ. ಓಣಿಯಲ್ಲಿ ಹೋಗುತ್ತಿದ್ದವರು ನಿಂತರು. ಮೌನಪ್ಪ ಇಕ್ಕಳ ತಿರುಗಿಸಿದ, ಹಲ್ಲು ಅರ್ಧಕ್ಕೆ ಮುರಿಯಿತು. ಬಿಡೋಣವೇ ಎಂದು ಅವನು ನನ್ನ ಮುಖ ನೋಡಿದ. ಅರ್ಧ ಮುಳ್ಳು ಒಳಗೇ ಉಳಿದರೆ ಕೀವಾಗುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಸಾವಂತ್ರಿಯ ಊದಿದ ಕೆನ್ನೆ ಕಣ್ಣ ಮುಂದಿತ್ತು. ತೆಗೆ ಎಂದೆ. ಇನ್ನಷ್ಟು ಬಿಗಿಯಾಗಿ ಹಿಡಿದೆ. ಅವಳ ಕಿವಿಯ ಹತ್ತಿರ ಬಾಯಿಟ್ಟು ಆಯಿತು, ಆಯಿತು ಎನ್ನುತ್ತಲೇ ಇದ್ದೆ. ಇನ್ನೂ ಎರಡು ಸಲ ಎಳೆದ ಮೇಲೆ ಬಂತು. ಅಷ್ಟರಲ್ಲಿ ಅವಳ ಕುತ್ತಿಗೆ ವಾಲಿತ್ತು. ಎಚ್ಚರ ಬಂದಾಗ ಅವಳು ಮೊದಲು ಮೌನಪ್ಪನನ್ನು ನೋಡಲಿಲ್ಲ, ಇಕ್ಕಳವನ್ನೂ ನೋಡಲಿಲ್ಲ. ತನ್ನ ಮಣಿಕಟ್ಟಿನ ಮೇಲಿದ್ದ ನನ್ನ ಬೆರಳುಗಳನ್ನು ನೋಡಿದಳು. ಆಮೇಲೆ ನಿಧಾನವಾಗಿ ಕೈ ಬಿಡಿಸಿಕೊಂಡಳು.

ಅವತ್ತಿನಿಂದ ಅವಳು ಮಾತಾಡಲಿಲ್ಲ, ಊಟ ಮಾಡಲಿಲ್ಲ. ಮೂರನೆಯ ದಿನ ಟ್ರಂಕಿನಿಂದ ವಿಳಾಸ ತೆಗೆದು, ಗಂಡ ಹೆಂಡತಿ ಇಬ್ಬರೂ ಅವಳನ್ನು ಕರೆದುಕೊಂಡು ಬಸ್ಸು ಹತ್ತಿದೆವು. ಡಾಕ್ಟರ್ ಬಾಯಿಯ ತಲೆ ನರೆತಿತ್ತು. ನೀಲಿಯನ್ನು ಕುರ್ಚಿಯ ಮೇಲೆ ಮಲಗಿಸಿ ಬಹಳ ಹೊತ್ತು ಪುಸಲಾಯಿಸಿ ಬಾಯಿ ತೆರೆಸಿದರು. ಗಾಯ ನೋಡಿ ನನ್ನ ಕಡೆ ತಿರುಗಿದರು.

"ಕೀಳೂಕಿಂತ ಮೊದಲ ಏನು ಕೊಟ್ಟಿದ್ರಿ?"

"ಏನು ಕೊಡಬೇಕಿತ್ರಿ?" ಎಂದೆ.

ಅವರು ಗಾಯಕ್ಕೆ ಮದ್ದು ಹಚ್ಚತೊಡಗಿದರು. ಪಕ್ಕದ ಕುರ್ಚಿಯಲ್ಲಿ ದಪ್ಪನೆಯ ಗಂಡಸೊಬ್ಬ ಕೂತಿದ್ದ. ಅವನ ವಸಡಿಗೆ ಒಬ್ಬ ಹುಡುಗಿ ಸೂಜಿ ಚುಚ್ಚಿದಳು. ಐದು ನಿಮಿಷದಲ್ಲಿ ಅವನ ತುಟಿ ಒಂದು ಕಡೆ ಜೋತುಬಿತ್ತು. ಬಾಯೆಲ್ಲ ಕಟ್ಟಿಗೆಯ ಹಾಗೆ ಆಗಿದೆ, ಇದೆಯೋ ಇಲ್ಲವೋ ತಿಳಿಯುತ್ತಿಲ್ಲ ಎಂದು ತೊದಲುತ್ತಾ ನಕ್ಕ. ಆಮೇಲೆ ಹಲ್ಲು ಕಿತ್ತರು, ಅವನು ಛಾವಣಿಯ ಫ್ಯಾನು ನೋಡುತ್ತಾ ಸುಮ್ಮನಿದ್ದ. ಅವನು ಹೇಳಿದ ಬಾಯಿ ನನ್ನ ಬಾಯಿ. ನಮ್ಮ ಊರಿನವರು ಹುಟ್ಟುತ್ತಲೇ ತರುವುದನ್ನು ಈ ಜನ ಅರ್ಧ ಗಂಟೆಯ ಮಟ್ಟಿಗೆ ಸೂಜಿಯಿಂದ ತರಿಸಿಕೊಳ್ಳುತ್ತಾರೆ, ತರಿಸಿಕೊಳ್ಳದೆ ಯಾರೂ ಹಲ್ಲು ಕೀಳಿಸಿಕೊಳ್ಳುವುದಿಲ್ಲ. ನೀಲಿಯೂ ಅದನ್ನು ನೋಡುತ್ತಿದ್ದಳು. ಆ ಗಂಡಸು ಎದ್ದು ಕನ್ನಡಿ ನೋಡಿಕೊಂಡು ಹೋಗುವ ತನಕ ಕಣ್ಣು ತೆಗೆಯದೆ ನೋಡಿದಳು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಉಳಿದ ಹಲ್ಲುಗಳನ್ನು ಕೀಳುವುದು ಬೇಡ, ಒಂದೊಂದರದೇ ನರ ತೆಗೆಯಬಹುದು ಎಂದು ಡಾಕ್ಟರ್ ಬಾಯಿ ಹೇಳಿದರು. ಹೊಸ ಹಲ್ಲೆಲ್ಲ ಬಂದು ಮುಗಿಯಲು ಇನ್ನೂ ನಾಲ್ಕೈದು ವರ್ಷ. ಪ್ರತಿಯೊಂದೂ ಬೇರು ಬಲಿತ ಮೇಲೆ ತೆಗೆಯಬೇಕು, ಅಲ್ಲಿಯವರೆಗೆ ಮದ್ದು ಹಚ್ಚುತ್ತಾ ಕಾಯಬೇಕು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು ಶಂಕ್ರವ್ವ ಮಗಳ ಜೊತೆ ಅಲ್ಲೇ ಉಳಿದಳು. ನಾನೂ ಬಂದುಬಿಡುತ್ತೇನೆ ಎಂದೆ. ಬೇಡ ಎಂದಳು. ಸಿಟ್ಟಿನಿಂದ ಅಲ್ಲ. ನಾನು ಬಳಿಗೆ ಬಂದರೆ ಮಗು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತದೆ, ನೀವು ನೋಡಿಲ್ಲವೇ ಎಂದು ಕೇಳಿದಳು. ನಾನು ನೋಡಿರಲಿಲ್ಲ.

ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಒಮ್ಮೆ ಮೊದಲು ಆಸ್ಪತ್ರೆಗೆ ಹೋಗಿ ಡಾಕ್ಟರ್ ಬಾಯಿಯ ಎದುರು ನಿಂತು, ನನ್ನ ವಸಡಿಗೂ ಆ ಪ್ರೋಟೀನು ಹಾಕಿ ಎಂದು ಕೇಳಿಕೊಂಡೆ. ಅವರು ನನ್ನನ್ನು ಕೂರಿಸಿದರು. ನಿಮ್ಮ ದವಡೆಯಲ್ಲಿ ಹಲ್ಲು ಕಟ್ಟುವ ಕೆಲಸ ಮುಗಿದು ಮೂವತ್ತು ವರ್ಷವಾಯಿತು, ಅಲ್ಲೀಗ ಏನು ಹಾಕಿದರೂ ನರ ಬರುವುದಿಲ್ಲ ಎಂದರು. ಆದರೂ ಹಾಕಿ ಎಂದೆ. ಅವರು ತಮ್ಮ ಮೇಜಿನ ಮೇಲಿನ ಕಾಗದಗಳನ್ನು ಸರಿಸುತ್ತಾ, ಅದು ಈಗ ಅವರ ಹತ್ತಿರ ಇಲ್ಲವೆಂದೂ ಇದ್ದರೂ ಇನ್ನು ಯಾರಿಗೂ ಹಾಕುವುದಿಲ್ಲವೆಂದೂ ಹೇಳಿದರು.  

ಕೋಣೆಗೆ ಹೋದಾಗ ಶಂಕ್ರವ್ವ ಅಂಗಡಿಗೆ ಹೋಗಿದ್ದಳು. ನೀಲಿ ಚಾಪೆಯ ಮೇಲೆ ಕೂತು ಅಕ್ಷರ ಬರೆಯುತ್ತಿದ್ದಳು. ನಾನು ಬಾಗಿಲ ಬಳಿಯೇ ಕೂತೆ. ಅವಳು ಬರೆಯುವುದನ್ನು ನಿಲ್ಲಿಸದೆ, ತಲೆ ಎತ್ತದೆ ಕೇಳಿದಳು:

"ಅಪ್ಪಾ, ಅವತ್ತ ನಿನಗ ಗೊತ್ತಿರಲಿಲ್ಲ, ಹೌದಿಲ್ಲೋ?"

ಅಷ್ಟು ತಿಂಗಳಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮಾತು. "ಗೊತ್ತಿರಲಿಲ್ಲವ್ವಾ," ಎಂದೆ.

"ಈಗರ ಗೊತ್ತಾತೇನು?"

ಹೌದು ಎಂದರೆ ಅವಳು ಬಹುಶಃ ನನ್ನ ಹತ್ತಿರ ಬರುತ್ತಿದ್ದಳು. ನಾನು ಹುಡುಕಿದೆ. ಮುಳ್ಳು, ಸುಟ್ಟ ಗಾಯ, ಮುರಿದ ಬೆರಳು, ನನ್ನ ಮೈ ಕಂಡ ನೋವನ್ನೆಲ್ಲ ತಂದು ಬಾಯಿಯೊಳಗೆ ಇಟ್ಟು ನೋಡಿದೆ. ಅಲ್ಲಿ ಏನೂ ಇರಲಿಲ್ಲ.

"ಇಲ್ಲವ್ವಾ," ಎಂದೆ.

ಅವಳು ತಲೆಯಾಡಿಸಿದಳು. ಸುಳ್ಳು ಹೇಳಲಿಲ್ಲವೆಂದು ಮೆಚ್ಚಿದಳೋ, ಇನ್ನು ಕೇಳುವುದೇನೂ ಇಲ್ಲವೆಂದುಕೊಂಡಳೋ ತಿಳಿಯಲಿಲ್ಲ. ಬರೆದ ಸಾಲು ಮುಗಿಸಿದಳು.

ಮಧ್ಯಾಹ್ನ ನನ್ನನ್ನು ಕಳಿಸಲು ತಾಯಿ ಮಗಳಿಬ್ಬರೂ ಸ್ಟ್ಯಾಂಡಿನ ತನಕ ಬಂದರು. ಅಲ್ಲಿನ ಕಲ್ಲುಬೆಂಚಿನ ಮೇಲೆ ನೀಲಿಯದೇ ವಯಸ್ಸಿನ ಒಂದು ಹುಡುಗಿ ಕೂತಿದ್ದಳು. ಗಲ್ಲದಿಂದ ನೆತ್ತಿಗೆ ಹಳೆಯ ಪಂಚೆಯ ಚೂರು ಕಟ್ಟಿದ್ದರು, ಒಂದು ಕೆನ್ನೆಯನ್ನು ಅಂಗೈಯಲ್ಲಿ ಒತ್ತಿಕೊಂಡು ಅಳುತ್ತಿದ್ದಳು. ಅವಳ ಅಜ್ಜಿ, ಡಾಕ್ಟರು ಊಟಕ್ಕೆ ಹೋಗಿದ್ದಾರೆಂದು ಯಾರಿಗೋ ಹೇಳುತ್ತಿದ್ದಳು. ನೀಲಿ ತಾಯಿಯ ಕೈ ಬಿಟ್ಟು ಹೋಗಿ ಆ ಹುಡುಗಿಯ ಪಕ್ಕದಲ್ಲಿ ಕೂತಳು. ಏನೂ ಕೇಳಲಿಲ್ಲ. ತನ್ನ ಕೈಯನ್ನು ಆ ಹುಡುಗಿಯ ಕೈಯ ಮೇಲಿಟ್ಟು, ಕೆನ್ನೆಯ ಯಾವ ಜಾಗವನ್ನು ಒತ್ತಬೇಕೋ ಅಲ್ಲಿಗೆ ಸ್ವಲ್ಪ ಕೆಳಕ್ಕೆ ಸರಿಸಿದಳು. ಆ ಹುಡುಗಿಯ ಅಳು ನಿಂತಿತು.

ನನ್ನ ಬಸ್ಸು ಬಂತು. ನಾನು ಕಿಟಕಿಯ ಪಕ್ಕ ಕೂತು ನೀಲಿಯ ಹೆಸರು ಹಿಡಿದು ಕರೆದೆ. ಶಂಕ್ರವ್ವ ಕೈ ಎತ್ತಿದಳು. ನೀಲಿ ಆ ಹುಡುಗಿಯ ಕೆನ್ನೆಗೆ ಕಿವಿ ಹಚ್ಚಿ ಕೂತಿದ್ದಳು, ನನ್ನ ದನಿ ಅವಳಿಗೆ ಕೇಳಿಸಲಿಲ್ಲ.